ಹೊಸ ಕುನ್ನಿಗೆ ಮನೆ, ಮಂದಿ, ಕೊಟ್ಟಿಗೆಯ ಪರಿಚಯ



ಈ ಸಲದ ಪಾಠ ಆಕಳು, ಎಮ್ಮೆಯದಲ್ಲ, ನಾಯಿಯದು. ಹಾಲಿನ ಪತ್ರಿಕೆಯಲ್ಲಿ ನಾಯಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಹೂವಿನ ಹಿಪ್ಪರಗಿ ಭಾಗದ ಒಂದು ತೋಟದ ವಸ್ತಿಯಲ್ಲಿ ನಾನು ಕಂಡದ್ದನ್ನು ಮೊದಲು ಹೇಳುತ್ತೇನೆ.

ಆ ಮನೆಯ ಆಕಳು ನಸುಕಿನಲ್ಲಿ ಬೆದೆಗೆ ಬಂದಿತ್ತು. ಮನೆಯ ಅಕ್ಕ ಸರಿಯಾಗಿ ಗುರುತಿಸಿ ಹೊತ್ತಿಗೆ ಫೋನ್ ಮಾಡಿದ್ದರು. ಸಂಜೆ ಕೃತಕ ಗರ್ಭಧಾರಣೆ ಕಾರ್ಯಕರ್ತನ ಜೊತೆ ನಾನೂ ಹೋದೆ. ಬೈಕ್ ಇನ್ನೂ ಬದುವಿನ ಮೇಲಿತ್ತು, ಒಳಗಿಂದ ಕೂಗು ಬಂತು: "ಸಾಹೇಬ್ರ, ಅಲ್ಲೇ ನಿಂದರ್ರಿ! ನಾಯಿ ಬಿಚ್ಚಿಕೊಂಡೈತಿ!" ಮನೆಯಲ್ಲಿ ಗಂಡಸರಿರಲಿಲ್ಲ, ಬಾಗೇವಾಡಿಗೆ ಹೋಗಿದ್ದರು. ನಾಯಿ ಅಕ್ಕನ ಮಾತೂ ಕೇಳಲಿಲ್ಲ, ರೊಟ್ಟಿ ಎಸೆದರೂ ತಿರುಗಿ ನೋಡಲಿಲ್ಲ. ಅರ್ಧ ತಾಸು ಕಾದೆವು. ಕಾರ್ಯಕರ್ತನಿಗೆ ಮತ್ತೆರಡು ಊರಿನ ಕರೆ ಇತ್ತು, ಹೊರಟುಹೋದ. ಮರುದಿನ ಬರುವ ಹೊತ್ತಿಗೆ ಬೆದೆ ಇಳಿದಿತ್ತು. ಮುಂದಿನ ಬೆದೆಗೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಕಣಕಿ, ಹಿಂಡಿ ಆಕಳ ಹೊಟ್ಟೆಗೆ ಹೋಗುತ್ತದೆ, ಕರು ಮಾತ್ರ ಮೂರು ವಾರ ಹಿಂದೆ ಸರಿಯುತ್ತದೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಪಂಚಮಿಗೆಂದು ತವರಿಗೆ ಬಂದ ಆ ಅಕ್ಕನ ತಂಗಿಯ ಮಗ ಜೋಕಾಲಿ ಬಿಟ್ಟು ಬಣವಿಯ ಕಡೆಗೆ ಓಡಿದಾಗ ಅದೇ ನಾಯಿ ಅವನ ಮೀನಗಂಡ ಹಿಡಿಯಿತು. ನಾಯಿಗೆ ಲಸಿಕೆ ಹಾಕಿಸಿರಲಿಲ್ಲ. ಹಬ್ಬ ಆಸ್ಪತ್ರೆಯಲ್ಲಿ ಕಳೆಯಿತು. ಹುಡುಗ ಚೆನ್ನಾಗಿದ್ದಾನೆ, ಆದರೆ ಈಗಲೂ ಆ ವಸ್ತಿಗೆ ಬರಲು ಒಲ್ಲೆನೆನ್ನುತ್ತಾನಂತೆ.

ನಾಯಿ ಹೀಗೇಕಾಯಿತು ಎಂದು ಕೇಳಿದೆ. "ತಿಂಗಳ ಕುನ್ನಿ ಇದ್ದಾಗ ತಂದಿದ್ವಿ. ಜೋರ ಆಗಲಿ ಅಂತ ಬಣವಿ ಹಿಂದ ಗೂಟಕ್ಕ ಕಟ್ಟಿ ಬೆಳಸಿದ್ವಿ. ಮಂದಿ ಮಾರಿ ನೋಡಿದ್ರ ಸಲಿಗಿ ಬೀಳ್ತೈತಿ ಅಂದ್ರು," ಎಂದರು ಅಕ್ಕ. ಈ ಮಾತನ್ನು ನಾನು ಎಷ್ಟೋ ಊರಲ್ಲಿ ಕೇಳಿದ್ದೇನೆ. ಕೆಲವರು ಇದರ ಮೇಲೆ ಖಾರವನ್ನೂ ತಿನ್ನಿಸುತ್ತಾರೆ. ಹಾಗೆ ಬೆಳೆದ ನಾಯಿಗೆ ಧೈರ್ಯ ಬರುವುದಿಲ್ಲ. ಅದಕ್ಕೆ ಇರುವುದು ಅಂಜಿಕೆ. ಕಳ್ಳ ಯಾರು, ನೆಂಟ ಯಾರು, ಡಾಕ್ಟರ್ ಯಾರು ಎಂಬ ಫರಕೇ ಅದಕ್ಕೆ ತಿಳಿಯದು. ಗೊತ್ತಿಲ್ಲದ್ದೆಲ್ಲ ಅದಕ್ಕೆ ವೈರಿ.

ಎಳೆಯ ವಾರಗಳ ಲೆಕ್ಕ

ನಾಯಿಮರಿ ಹುಟ್ಟಿದಾಗ ಕಣ್ಣು, ಕಿವಿ ಎರಡೂ ಮುಚ್ಚಿರುತ್ತವೆ. ಎರಡು ವಾರದ ಹೊತ್ತಿಗೆ ಕಣ್ಣು ಬಿಡುತ್ತದೆ, ಮೂರನೇ ವಾರಕ್ಕೆ ಕಿವಿ ಕೇಳುತ್ತದೆ. ಅಲ್ಲಿಂದ ಹನ್ನೆರಡು, ಹದಿನಾಲ್ಕು ವಾರದವರೆಗೆ ಅದರ ಮನಸ್ಸು ಹಸಿ ಗೋಡೆಯಿದ್ದ ಹಾಗೆ. ಆ ದಿನಗಳಲ್ಲಿ ಕಂಡದ್ದು, ಕೇಳಿದ್ದು, ಮೂಸಿದ್ದು ಎಲ್ಲ 'ನಮ್ಮದು' ಎಂದು ಉಳಿಯುತ್ತದೆ. ಆಮೇಲೆ ಗೋಡೆ ಒಣಗುತ್ತದೆ. ಒಣಗಿದ ಮೇಲೆ ಹೊಸದನ್ನು ಕಲಿಸಲು ಆಗುವುದೇ ಇಲ್ಲವೆಂದಲ್ಲ, ಹತ್ತು ಪಟ್ಟು ತ್ರಾಸು.

ಇದನ್ನು ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಎಂಬಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ನಾಯಿ ಸಾಕಿ ಪರೀಕ್ಷಿಸಿದ್ದಾರೆ. 1961ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗ ನಮ್ಮ ಬಣವಿಯ ಹಿಂದಿನ ಗೂಟವನ್ನೇ ನೆನಪಿಸುತ್ತದೆ. ಎತ್ತರದ ಬೇಲಿ ಹಾಕಿದ ಹೊಲದಲ್ಲಿ ತಾಯಿ ನಾಯಿಗಳ ಜೊತೆ ಮರಿಗಳನ್ನು ಬಿಟ್ಟರು. ಅನ್ನ ನೀರಿಗೆ ಕೊರತೆ ಇರಲಿಲ್ಲ, ಮನುಷ್ಯರ ಒಡನಾಟ ಮಾತ್ರ ಇರಲಿಲ್ಲ. ಬೇರೆ ಬೇರೆ ವಯಸ್ಸಿನಲ್ಲಿ ಕೆಲವು ಮರಿಗಳನ್ನು ಒಂದೊಂದು ವಾರ ಒಳಗೆ ತಂದು ಆಡಿಸಿ, ಮತ್ತೆ ಹೊಲಕ್ಕೆ ಬಿಟ್ಟರು. ಐದರಿಂದ ಒಂಬತ್ತು ವಾರದ ನಡುವೆ ಮನುಷ್ಯರ ಜೊತೆ ಒಂದೇ ವಾರ ಕಳೆದ ಮರಿಗಳೂ ಮಂದಿಗೆ ಹೊಂದಿಕೊಂಡವು. ಹದಿನಾಲ್ಕು ವಾರದವರೆಗೆ ಯಾರ ಕೈಯೂ ತಾಗದ ಮರಿಗಳು ಕಾಡುಪ್ರಾಣಿಯಂತೆ ಆಗಿದ್ದವು.

ಇಷ್ಟು ದೂರ ಹೋಗದೆ ನಮ್ಮ ಹೊಲದಲ್ಲೇ ನೋಡಬಹುದು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತೇವಲ್ಲ, ಆ ಕುರಿಗಾರರ ನಾಯಿಗಳನ್ನು ಗಮನಿಸಿ. ಕುರಿಮರಿ ಮೈಮೇಲೆ ಹತ್ತಿದರೂ ಸುಮ್ಮನಿರುತ್ತವೆ, ತೋಳ ಬಂದರೆ ಮಾತ್ರ ಮುಂದೆ ನುಗ್ಗುತ್ತವೆ. ಅವು ಕುರಿಗಳ ನಡುವೆಯೇ ಹುಟ್ಟಿ, ಅವುಗಳ ಜೊತೆಗೇ ಮಲಗಿ ಬೆಳೆದವು. ಯಾರೂ ಅವಕ್ಕೆ ಬೇರೆ ಶಾಲೆ ನಡೆಸಿಲ್ಲ.

ಕುನ್ನಿಯನ್ನು ಯಾವಾಗ ತರಬೇಕು

ಎಂಟು ವಾರಕ್ಕೆ. ಅದಕ್ಕಿಂತ ಮೊದಲು ಬೇಡ. ಮರಿ ಮೂರು ನಾಲ್ಕು ವಾರದ್ದಿದ್ದಾಗ ಮುದ್ದಾಗಿ ಕಾಣುತ್ತದೆ, ಯಾರೋ ಚೀಲದಲ್ಲಿ ಹಾಕಿ ಕೊಡುತ್ತಾರೆ, ನಾವೂ ತರುತ್ತೇವೆ. ಆದರೆ ಕಚ್ಚುವ ಮಿತಿಯನ್ನು ಕುನ್ನಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವರ ಹತ್ತಿರ. ಗಟ್ಟಿಯಾಗಿ ಕಚ್ಚಿದರೆ ಇನ್ನೊಂದು ಮರಿ ಚೀರುತ್ತದೆ, ಆಟ ನಿಲ್ಲುತ್ತದೆ. ಬೇಗ ಅಗಲಿಸಿದ ಮರಿಗೆ ಈ ಪಾಠ ತಪ್ಪುತ್ತದೆ. ನಿಮಗೆ ಕೊಡುವವರ ಮನೆ ಹತ್ತಿರದಲ್ಲೇ ಇದ್ದರೆ ಐದಾರು ವಾರದಿಂದಲೇ ಹೋಗಿ, ಮಕ್ಕಳನ್ನೂ ಕರೆದೊಯ್ದು ಎತ್ತಿ ಆಡಿಸಿ ಬನ್ನಿ. ಆರಿಸುವಾಗ ತಾಯಿ ನಾಯಿಯನ್ನು ನೋಡಿ. ಅದು ಮಂದಿಗೆ ಅಂಜಿ ಮೂಲೆ ಸೇರುವಂಥದ್ದಾದರೆ ಆ ಮರಿ ಬೇಡ.

ಮುಧೋಳ ನಾಯಿ ಬೇಕೆನ್ನುವವರಿಗೆ ಒಂದು ಮಾತು. ನೆರೆಯ ಬಾಗಲಕೋಟೆ ಜಿಲ್ಲೆಯ ಈ ತಳಿ ನಮ್ಮ ಭಾಗದ ಹೆಮ್ಮೆ. 2005ರ ಜನವರಿ 9ರಂದು ಅಂಚೆ ಇಲಾಖೆ ಇದರ ಚೀಟಿ ತಂದಿತು, 2016ರಲ್ಲಿ ಇದರ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ಇದು ಬೇಟೆಗಾಗಿ ಬೆಳೆದ ನಾಯಿ, ಓಡುವುದನ್ನು ಕಂಡರೆ ಬೆನ್ನಟ್ಟುವುದು ಇದರ ಗುಣ. ಗುರುತಿಲ್ಲದವರು ಮೈ ಮುಟ್ಟಿದರೂ ಇದಕ್ಕೆ ಹಿಡಿಸದು. ಹಾಗಾಗಿ ಕೋಳಿ, ಆಡಿನಮರಿ, ಕರು ಇರುವ ಮನೆಯಲ್ಲಿ ಮುಧೋಳ ಕುನ್ನಿಗೆ ಈ ಪಾಠ ಊರ ಕುನ್ನಿಗಿಂತ ಹೆಚ್ಚು ಬೇಕು. ದಿನಾ ಓಡಿಸಲು ಬಯಲೂ ಬೇಕು. ಎರಡಕ್ಕೂ ಸಮಯವಿಲ್ಲದ ಮನೆಗೆ ಊರ ಕುನ್ನಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಮುಧೋಳದ ಅಭಿಮಾನಿಗಳು ಸಿಟ್ಟಾಗಬಾರದು.

ಮಂದಿ ಮತ್ತು ಸಪ್ಪಳ

ಮನೆಗೆ ತಂದ ಎರಡು ದಿನ ಕುನ್ನಿಯನ್ನು ಸುಮ್ಮನೆ ಬಿಡಿ. ರಾತ್ರಿ ಅಳುತ್ತದೆ, ತಾಯಿಯನ್ನು ಬಿಟ್ಟು ಬಂದಿದೆ. ತಾಯಿ ಮಲಗಿದ್ದ ಗೋಣಿಚೀಲದ ಒಂದು ತುಂಡು ತಂದಿದ್ದರೆ ಅದರ ಮೇಲೆ ಮಲಗಿಸಿ, ನೀವು ಮಲಗುವಲ್ಲಿಗೆ ಸಪ್ಪಳ ಕೇಳುವಷ್ಟು ಹತ್ತಿರ ಇರಲಿ.

ಮೂರನೇ ದಿನದಿಂದ ಪರಿಚಯ ಶುರು. ನಿಮ್ಮ ಮನೆಗೆ ವರ್ಷದಲ್ಲಿ ಯಾರು ಯಾರು ಬರುತ್ತಾರೆ ಎಂದು ಒಮ್ಮೆ ಎಣಿಸಿ ನೋಡಿ. ಹೆಲ್ಮೆಟ್ ಹಾಕಿದ ಬೈಕಿನವನು, ಕೈಗವಸು ತೊಟ್ಟ ಡಾಕ್ಟರ್, ಕೋಲು ಊರಿಕೊಂಡು ಬರುವ ಮುತ್ಯಾ, ತಲೆಮೇಲೆ ಬುಟ್ಟಿ ಹೊತ್ತ ಹೆಣ್ಣುಮಗಳು, ರೇನ್‌ಕೋಟಿನವನು, ಓಡುವ ಕೂಗುವ ಮಕ್ಕಳು. ಇಷ್ಟೂ ಜನರನ್ನು ಹದಿನಾಲ್ಕು ವಾರದೊಳಗೆ ಕುನ್ನಿ ನೋಡಿರಬೇಕು, ಅದೂ ಖುಷಿಯಿಂದ. ಹೊಸಬರು ಬಂದಾಗ ಅವರ ಕೈಯಿಂದಲೇ ರೊಟ್ಟಿಯ ಚೂರು ಹಾಕಿಸಿ. ಎತ್ತಿ ಅವರ ಮಡಿಲಿಗೆ ತುರುಕಬೇಡಿ. ಕುನ್ನಿಯೇ ಮೂಸುತ್ತ ಬರಲಿ, ಬೇಡವೆನಿಸಿದರೆ ಹಿಂದೆ ಹೋಗಲಿ. ಹಿಂದೆ ಹೋಗಲು ದಾರಿ ಇದೆ ಎಂದು ತಿಳಿದ ಮರಿಯೇ ಮುಂದೆ ಬರುತ್ತದೆ. ಹೆಲ್ಮೆಟ್ಟಿಗೆ ಬೇರೆ ಯಾರೂ ಬೇಡ, ಮನೆಯವರೇ ಹಾಕಿಕೊಂಡು ಕುಳಿತು ರೊಟ್ಟಿ ಹಾಕಿದರೆ ಸಾಕು.

ಸಪ್ಪಳವೂ ಹಾಗೆಯೇ. ಹಾಲಿನ ಕ್ಯಾನ್, ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರ್, ಕುಕ್ಕರ್ ಸೀಟಿ. ಮೇವಿನ ಯಂತ್ರ ಹಚ್ಚಿದ ದಿನ ಕುನ್ನಿಯನ್ನು ಅಂಗಳದ ಆ ತುದಿಯಲ್ಲಿ ಇಟ್ಟು ತಿನ್ನಲು ಕೊಡಿ. ತಿನ್ನುತ್ತಿದ್ದರೆ ಮರುದಿನ ನಾಲ್ಕು ಹೆಜ್ಜೆ ಹತ್ತಿರ. ತಿನ್ನುವುದನ್ನು ಬಿಟ್ಟರೆ ಅಥವಾ ಬಾಲ ಹೊಟ್ಟೆಗೆ ಸಿಕ್ಕಿಸಿಕೊಂಡರೆ ಹತ್ತಿರವಾಯಿತು ಎಂದರ್ಥ, ಹಿಂದೆ ಸರಿಯಿರಿ. ಕಿವಿ ಹಿಂದಕ್ಕೆ ಒತ್ತುವುದು, ಹಸಿವಿಲ್ಲದಿದ್ದರೂ ತುಟಿ ನೆಕ್ಕುವುದು, ಕಲ್ಲಿನಂತೆ ನಿಂತುಬಿಡುವುದು ಇವೂ ಅಂಜಿಕೆಯ ಗುರುತು. ಕಾರಹುಣ್ಣಿಮೆಯ ಹಲಗೆ, ದೀಪಾವಳಿಯ ಪಟಾಕಿಗೆ ಎಳೆಯ ಕುನ್ನಿಯನ್ನು 'ರೂಢಿಯಾಗಲಿ' ಎಂದು ನೇರ ಒಯ್ಯಬೇಡಿ. ಒಂದೇ ದಿನದ ದೊಡ್ಡ ಹೆದರಿಕೆ ಜನ್ಮಪೂರ್ತಿ ಉಳಿಯುತ್ತದೆ. ಅಂದು ಒಳಗಿನ ಕೋಣೆಯಲ್ಲಿ ಇರಲಿ, ದೂರದಿಂದ ಕೇಳಿದರೆ ಸಾಕು.

ಕುನ್ನಿ ಗುರುಗುಟ್ಟಿದರೆ ಹೊಡೆಯಬೇಡಿ. ಗುರುಗುಟ್ಟುವುದು ಅದರ ಭಾಷೆಯಲ್ಲಿ 'ನನಗೆ ತ್ರಾಸಾಗುತ್ತಿದೆ' ಎಂಬ ಮಾತು. ಆ ಮಾತಿಗೆ ಏಟು ತಿಂದ ನಾಯಿ ಮುಂದೆ ಗುರುಗುಟ್ಟದೆಯೇ ಕಚ್ಚುತ್ತದೆ. ಮಕ್ಕಳಿಗೂ ಹೇಳಿಕೊಡಿ: ಉಣ್ಣುವಾಗ, ಮಲಗಿದಾಗ ಕುನ್ನಿಯನ್ನು ಮುಟ್ಟಬಾರದು, ಬಾಲ ಕಿವಿ ಜಗ್ಗಬಾರದು. ಸಣ್ಣ ಮಕ್ಕಳನ್ನು ನಾಯಿಯ ಜೊತೆ ಒಬ್ಬರನ್ನೇ ಬಿಟ್ಟು ಹೊಲಕ್ಕೆ ಹೋಗಬೇಡಿ, ಎಷ್ಟೇ ಸಾಧು ನಾಯಿಯಿದ್ದರೂ.

ದಿನಾ ಒಮ್ಮೆ ಪಂಜ, ಕಿವಿ, ಬಾಯಿ ಮುಟ್ಟಿ ನೋಡುವುದನ್ನು ರೂಢಿ ಮಾಡಿ. ಮುಂದೆ ಇಂಜೆಕ್ಷನ್ ಹಾಕುವಾಗ ನಾಲ್ಕು ಜನ ಹಗ್ಗ ಹಿಡಿದು ನಿಲ್ಲುವ ಪ್ರಸಂಗ ತಪ್ಪುತ್ತದೆ. ನಮಗೂ ಕೈ ಉಳಿಯುತ್ತದೆ!

ಕೊಟ್ಟಿಗೆಯಲ್ಲಿ

ಇದು ನಮ್ಮ ಪಾಠದ ಮುಖ್ಯ ಭಾಗ. ಆಕಳು ತೊರೆ ಬಿಡುವುದು ಆಕ್ಸಿಟೋಸಿನ್ ಎಂಬ ಚೋದಕದಿಂದ. ಕೆಚ್ಚಲು ತೊಳೆದು, ನೀವಿದಾಗ ಅದು ರಕ್ತಕ್ಕೆ ಬರುತ್ತದೆ, ಅದರ ಜೋರು ಐದಾರು ನಿಮಿಷ ಮಾತ್ರ. ಅಷ್ಟರಲ್ಲಿ ನಾಯಿ ಬೊಗಳಿ ಆಕಳು ಬೆದರಿದರೆ ಅಡ್ರಿನಲಿನ್ ಎಂಬ ಇನ್ನೊಂದು ಚೋದಕ ಬಂದು ಹಾಲನ್ನು ತಡೆದುಬಿಡುತ್ತದೆ. 'ಇವತ್ತ ಆಕಳ ಹಾಲು ಏರಿಸಿಕೊಂಡ್ತು' ಅನ್ನುತ್ತೇವಲ್ಲ, ಅದು ಇದೇ. ಕೆಚ್ಚಲಲ್ಲಿ ಹಾಲು ಉಳಿದರೆ ಆ ಹೊತ್ತಿನ ನಷ್ಟ ಒಂದು, ಕೆಚ್ಚಲು ಬಾವಿನ ಭಯ ಇನ್ನೊಂದು.

ಹಾಗಾಗಿ ಮೊದಲ ಭೇಟಿ ಹಾಲು ಹಿಂಡುವ ಹೊತ್ತಿನಲ್ಲಿ ಬೇಡ. ಮಧ್ಯಾಹ್ನ ದನ ಮೆಲುಕು ಹಾಕುತ್ತ ಮಲಗಿರುವಾಗ ಕುನ್ನಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ಕುಳಿತುಕೊಳ್ಳಿ. ಎಲ್ಲಕ್ಕಿಂತ ಸಾಧು ಆಕಳ ಎದುರಿಗೆ ಕುಳಿತರೆ ಒಳ್ಳೆಯದು. ಹತ್ತು ನಿಮಿಷ ಸಾಕು. ಮೂರ್ನಾಲ್ಕು ದಿನದ ನಂತರ ಹಗ್ಗ ಹಾಕಿ ನೆಲಕ್ಕೆ ಬಿಡಿ, ಹಗ್ಗ ಸಡಿಲವಿರಲಿ, ಆಕಳ ಕಾಲಿಗೆ ಸಿಗದಷ್ಟು ದೂರ ಇರಲಿ. ಆಕಳು ಮೂಸಲು ತಲೆ ಚಾಚಿದರೆ ಮೂಸಲಿ. ಕುನ್ನಿ ಸುಮ್ಮನೆ ಕುಳಿತರೆ ರೊಟ್ಟಿ. ಬೊಗಳಿದರೆ ಅಥವಾ ಕರುವಿನ ಬಾಲದ ಹಿಂದೆ ಓಡಿದರೆ ಮಾತಿಲ್ಲದೆ ಎತ್ತಿ ಹೊರಗೆ ನಡೆಯಿರಿ. ಕೂಗಿದರೆ ಅದಕ್ಕೆ ಅದೂ ಆಟ. ಕರು ಬೆನ್ನಟ್ಟುವುದನ್ನು ಮೊದಲ ದಿನವೇ ನಿಲ್ಲಿಸಿ. ಎರಡು ತಿಂಗಳ ಮರಿ ಮಾಡಿದಾಗ ನಗು ಬರುತ್ತದೆ, ವರ್ಷದ ನಾಯಿ ಮಾಡಿದಾಗ ಕರು ಬಾವಿಗೆ ಬೀಳುತ್ತದೆ.

ಹೊಸದಾಗಿ ಈದ ಆಕಳ ಹತ್ತಿರ ಮಾತ್ರ ಒಯ್ಯಲೇಬೇಡಿ. ದಿನಾ ನಿಮ್ಮ ಕೈ ನೆಕ್ಕುವ ಆಕಳೇ ಆ ದಿನಗಳಲ್ಲಿ ಕುನ್ನಿಯನ್ನು ಹಾಯ್ದು ಕೊಲ್ಲಬಲ್ಲುದು. ಹಿಂಡುವಾಗ ಕುನ್ನಿ ಕೊಟ್ಟಿಗೆಯ ಹೊರಗೆ ತನ್ನ ಗೋಣಿಚೀಲದ ಮೇಲೆ ಇರುವುದನ್ನು ಕಲಿಯಲಿ. ಹಿಂಡುವ ಪಾತ್ರೆ, ಕ್ಯಾನಿನ ಬಾಯಿ, ಕೆಚ್ಚಲು ಇವುಗಳಿಗೆ ನಾಯಿಯ ನಾಲಿಗೆ ತಾಗಬಾರದು.

ಕಸ ತಿನ್ನಿಸಬೇಡಿ

ಆಕಳು ಈದ ಮೇಲೆ ಬೀಳುವ ಕಸ, ಅಂದರೆ ಮಾಸನ್ನು ನಾಯಿ ತಿನ್ನುವುದನ್ನು ನಾವು ನೋಡಿಯೂ ಬಿಡುತ್ತೇವೆ. ಇದರಲ್ಲಿ ದೊಡ್ಡ ಅಪಾಯವಿದೆ. ನಿಯೋಸ್ಪೊರಾ ಎಂಬ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಕೆಲವು ಆಕಳುಗಳ ಮೈಯಲ್ಲಿರುತ್ತದೆ. ಅಂಥ ಆಕಳ ಮಾಸು ಅಥವಾ ಕಂದು ಹಾಕಿದ ಕರುವನ್ನು ನಾಯಿ ತಿಂದರೆ ಅದರ ಹೇಲಿನಲ್ಲಿ ತತ್ತಿಗಳು ಹೊರಬೀಳುತ್ತವೆ. ಆ ಹೇಲು ಮೇವಿಗೆ, ನೀರಿನ ತೊಟ್ಟಿಗೆ ಸೇರಿದರೆ ಉಳಿದ ದನಕ್ಕೂ ಹತ್ತುತ್ತದೆ. ಹೆಚ್ಚಾಗಿ ಐದಾರು ತಿಂಗಳ ಗಬ್ಬದ ಆಕಳು ಕಾರಣವಿಲ್ಲದೆ ಕಂದು ಹಾಕುತ್ತದೆ. ಸೋಂಕಿರುವ ಆಕಳು ತನ್ನ ಹೊಟ್ಟೆಯ ಕರುವಿಗೂ ಅದನ್ನು ದಾಟಿಸುತ್ತದೆ. ಆಕಳಿಗೆ ಇದಕ್ಕೆ ಗುಣವಾಗುವ ಔಷಧಿ ಇಲ್ಲ.

ಆದ್ದರಿಂದ ಕಸವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಮೇಲೆ ಕಲ್ಲು ಹೇರಿ. ಕುನ್ನಿಗೆ ಮೊದಲ ವಾರದಿಂದಲೇ ಕೊಟ್ಟಿಗೆ, ಮೇವಿನ ಬಣವಿಯಿಂದ ದೂರ ಒಂದು ಜಾಗದಲ್ಲಿ ಹೇಲುವ ರೂಢಿ ಮಾಡಿಸಿ. ಎದ್ದ ಕೂಡಲೇ, ಉಂಡ ಕೂಡಲೇ ಅಲ್ಲಿಗೆ ಒಯ್ದು ನಿಂತರೆ ಎರಡು ವಾರದಲ್ಲಿ ಕಲಿಯುತ್ತದೆ. ಕುರಿ, ಆಡು ಕೊಯ್ದಾಗ ಹಸಿ ಕರುಳು, ಯಕೃತ್ತು ಹಾಕುವುದೂ ಬೇಡ. ಅದರಿಂದ ನಾಯಿಗೆ ಬರುವ ಲಾಡಿಹುಳು ಮನುಷ್ಯರಿಗೆ, ಮುಖ್ಯವಾಗಿ ಮಕ್ಕಳಿಗೆ, ಯಕೃತ್ತಿನಲ್ಲಿ ನೀರುಗುಳ್ಳೆ ತರಬಲ್ಲುದು.

ಲಸಿಕೆ ಮುಗಿಯುವವರೆಗೆ ಕಾಯಬೇಕೇ

ಇದನ್ನು ಓದಿಕೊಂಡ ಹೆಣ್ಣುಮಕ್ಕಳು ಕೇಳುತ್ತಾರೆ, ಸರಿಯಾದ ಪ್ರಶ್ನೆ. ಪಾರ್ವೊ ಎಂಬ ರಕ್ತಭೇದಿ ರೋಗ ಮತ್ತು ಡಿಸ್ಟೆಂಪರ್ ಎಳೆಯ ಮರಿಗಳನ್ನು ಬಲಿ ತೆಗೆದುಕೊಳ್ಳುತ್ತವೆ. ಇವುಗಳ ಲಸಿಕೆ ಆರೆಂಟು ವಾರಕ್ಕೆ ಶುರುವಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಹಾಕುತ್ತ ಹದಿನಾರು ವಾರದವರೆಗೆ ನಡೆಯುತ್ತದೆ. ಅದು ಮುಗಿಯುವ ಹೊತ್ತಿಗೆ ನಾನು ಹೇಳಿದ ಹಸಿ ಗೋಡೆ ಒಣಗಿರುತ್ತದೆ. ಕಾಯುತ್ತ ಕೂತರೆ ಹೊತ್ತು ಮೀರುತ್ತದೆ, ಓಣಿಗೆ ಬಿಟ್ಟರೆ ರೋಗ.

ನಡುವಿನ ದಾರಿ ಇದೆ: ಕುನ್ನಿ ಎಲ್ಲವನ್ನೂ ನೋಡಲಿ, ಆದರೆ ನೆಲಕ್ಕೆ ಬಿಡಬೇಡಿ. ಸಂಜೆ ಡೇರಿಗೆ ಹಾಲು ಹಾಕಲು ಹೋಗುವಾಗ ಬುಟ್ಟಿಯಲ್ಲಿಟ್ಟು ಒಯ್ಯಿರಿ. ಡೇರಿ ಕಟ್ಟೆಯ ಮಂದಿ, ಬೈಕು, ಕ್ಯಾನಿನ ಸಪ್ಪಳ ಎಲ್ಲ ಒಂದೇ ಕಡೆ ಸಿಗುತ್ತದೆ, ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಹೊರಗೇ ನಿಲ್ಲಿ, ಹಾಲು ಅಳೆಯುವ ಕೋಣೆಗೆ ಒಯ್ಯಬೇಡಿ. ಬೀದಿ ನಾಯಿ ಮೂಸಲು ಬಿಡಬೇಡಿ. ಮನೆಯಂಗಳದಲ್ಲಿ ನೆಲದ ಮೇಲೆ ಆಡಬಹುದು, ಹಿಂದಿನ ವರ್ಷ ಅಲ್ಲಿ ಯಾವ ನಾಯಿಯೂ ರಕ್ತಭೇದಿಯಿಂದ ಸತ್ತಿರಬಾರದು ಅಷ್ಟೇ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ಹುಳುವಿನ ಔಷಧಿಯನ್ನು ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ತೂಕ ನೋಡಿ ಕೊಡಿಸಿ. ದನಕ್ಕೆ ಸಿಂಪಡಿಸುವ ಉಣ್ಣೆ ಔಷಧಿಯನ್ನು ಉಳಿಯಿತೆಂದು ಕುನ್ನಿಯ ಮೈಗೆ ಹಚ್ಚಬೇಡಿ, ವಿಷವೇರುತ್ತದೆ.

ರೇಬಿಸ್, ಅಂದರೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಮೂರು ತಿಂಗಳಿಗೆ ಹಾಕಿಸಿ, ಡಾಕ್ಟರ್ ಹೇಳಿದ ದಿನ ಎರಡನೆಯದು, ನಂತರ ಪ್ರತಿ ವರ್ಷ. ಇದರಲ್ಲಿ ನಾಳೆ ನಾಡಿದ್ದು ಎನ್ನುವಂತಿಲ್ಲ. ಲಕ್ಷಣ ಕಂಡ ಮೇಲೆ ಈ ರೋಗಕ್ಕೆ ಚಿಕಿತ್ಸೆಯೇ ಇಲ್ಲ, ಮನುಷ್ಯರಿಗೂ ದನಕ್ಕೂ. ಯಾವುದೇ ನಾಯಿ ಕಚ್ಚಿದರೆ, ಮನೆಯ ಕುನ್ನಿಯ ಹಲ್ಲು ತಾಗಿ ರಕ್ತ ಬಂದರೂ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರ ಒತ್ತಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. 'ಹತ್ತು ದಿನ ನಾಯಿ ನೋಡೋಣ' ಎಂದು ಲಸಿಕೆ ಮುಂದೂಡಬೇಡಿ, ಲಸಿಕೆ ಶುರು ಮಾಡಿಯೇ ನಾಯಿಯ ಮೇಲೆ ಕಣ್ಣಿಡಿ. ದನಕ್ಕೆ ನಾಯಿ ಕಚ್ಚಿದರೂ ಗಾಯವನ್ನು ಹಾಗೆಯೇ ತೊಳೆದು ಪಶುವೈದ್ಯರಿಗೆ ತಿಳಿಸಿ, ಅದಕ್ಕೂ ಲಸಿಕೆ ಇದೆ. ಆ ದನದ ಹಾಲನ್ನು ಪಶುವೈದ್ಯರು ಹೇಳುವವರೆಗೆ ಡೇರಿಗೂ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ.

ಈಗಾಗಲೇ ದೊಡ್ಡದಾದ ನಾಯಿ ಇದ್ದರೆ

ಗೂಟದ ನಾಯಿ ಇರುವವರು ಬೇಸರ ಮಾಡಿಕೊಳ್ಳಬೇಡಿ. ಗಿಡ್ಡ ಸರಪಳಿ ತೆಗೆದು, ಎರಡು ಕಂಬದ ನಡುವೆ ತಂತಿ ಬಿಗಿದು ಅದಕ್ಕೆ ಬಳೆ ಹಾಕಿ ಹಗ್ಗ ಕಟ್ಟಿದರೆ ನಾಯಿ ಆ ಉದ್ದಕ್ಕೂ ಓಡಾಡಬಹುದು. ತಂತಿಯನ್ನು ಕೊಟ್ಟಿಗೆಯ ಬಾಗಿಲಿಗೂ ಮಂದಿ ಬರುವ ದಾರಿಗೂ ದೂರ ಕಟ್ಟಿ. ದಿನಾ ಎರಡು ಹೊತ್ತು ನೀವೇ ಕೈಯಲ್ಲಿ ಹಿಡಿದು ಹೊಲದ ಸುತ್ತ ತಿರುಗಿಸಿ, ಉಣ್ಣಲು ನೀವೇ ಹಾಕಿ. ನಾಯಿ ಮನೆಯ ಗಂಡಸರ ಮಾತಷ್ಟೇ ಕೇಳಿದರೆ ನಡೆಯದು, ಕೊಟ್ಟಿಗೆಯಲ್ಲಿ ಹಗಲೆಲ್ಲ ಇರುವವರು ನೀವು.

ನಾನು ಮೊದಲು ಹೇಳಿದ ವಸ್ತಿಯ ಅಕ್ಕ ಹೀಗೆಯೇ ಮಾಡಿದ್ದಾರೆ. ಹಳೆಯ ನಾಯಿ ಈಗಲೂ ಹೊಸಬರನ್ನು ಸೇರಿಸದು, ಆದರೆ ಅವರು ಕರೆದರೆ ಬರುತ್ತದೆ, ಕಟ್ಟಿಸಿಕೊಳ್ಳುತ್ತದೆ. ಅದರ ಜೊತೆಗೆ ಈ ವರ್ಷ ಒಂದು ಕಂದು ಕುನ್ನಿ ಬಂದಿದೆ. ಮೊನ್ನೆ ಆಕಳ ಗಬ್ಬ ನೋಡಲು ಹೋದಾಗ ಬೈಕಿನ ಸಪ್ಪಳಕ್ಕೆ ಬದುವಿನ ತನಕ ಓಡಿಬಂದು ಎರಡು ಸಲ ಬೊಗಳಿತು. "ಏ ಸಾಕ, ನಮ್ಮ ಸಾಹೇಬ್ರು," ಎಂದರು ಅಕ್ಕ ಕೊಟ್ಟಿಗೆಯೊಳಗಿಂದ. ಕುನ್ನಿ ನನ್ನ ಬೂಟು ಮೂಸಿ, ಬಾಗಿಲ ಹೊರಗಿನ ತನ್ನ ಗೋಣಿಚೀಲದ ಮೇಲೆ ಹೋಗಿ ಕುಳಿತಿತು. ಆಕಳು ನಾಲ್ಕು ತಿಂಗಳ ಗಬ್ಬ.